ಕಾವಲಿನ ಮೇಲೊಂದು ಕಣ್ಣು

“ಅಳಿಯಾ, ಅದು ನಮ್ಮನ್ನ ಕಾಯ್ತೈತೋ, ಬರೀ ನೋಡ್ತೈತೋ?”

ಸೋದರಮಾವ ಹೀಗೆ ಕೇಳಿದಾಗ ನಾನು ನಕ್ಕುಬಿಟ್ಟೆ. ಚಳ್ಳಕೆರೆ ತಾಲ್ಲೂಕಿನಲ್ಲಿ ನಮ್ಮೂರು. ಊರಾಚೆಯ ಕಾವಲಿಗೆ ಈಗ ಉದ್ದಕ್ಕೂ ಕಾಂಪೌಂಡು ಎದ್ದಿದೆ. ಅದರ ಬುಡದಲ್ಲಿ ಮಾವನ ಕುರಿಗಳ ಹಿಂದೆ ಇಬ್ಬರೂ ನಡೆಯುತ್ತಿದ್ದೆವು. ಗೋಡೆಯಾಚೆ, ಕಣ್ಣಿಗೆ ಸಿಗದಷ್ಟು ಎತ್ತರದಲ್ಲಿ, ಪಕ್ಕದ ಮನೆಯಲ್ಲಿ ಯಾರೋ ಹೊಲಿಗೆ ಮಿಷನ್ ತುಳಿಯುತ್ತಿರುವಂಥ ಸದ್ದು. ಮಾವನಿಗೆ ಎಪ್ಪತ್ತೆಂಟು. ಹೆಗಲ ಮೇಲೆ ಕರಿ ಕಂಬಳಿ, ಕೈಯಲ್ಲಿ ಕೋಲು, ಜೇಬಿನಲ್ಲಿ ಗುಂಡಿ ಒತ್ತುವ ಫೋನು. ನಾನು ಪೀಣ್ಯದಲ್ಲಿ ಡ್ರೋನಿನ ಸಾಮಾನು ಮಾಡುವವನೆಂದು ಅವನಿಗೆ ಗೊತ್ತು. ಹಾಗಾಗಿ ಆಕಾಶದಲ್ಲಿ ಏನೇ ಹಾರಿದರೂ ಅದು ನನ್ನದೇ ಕೈವಾಡವೆಂದು ಅವನ ಲೆಕ್ಕ. ಕಾಗೆ, ಹದ್ದುಗಳಿಗೆ ಮಾತ್ರ ವಿನಾಯಿತಿ.

“ಎರಡೂ ಒಂದೇ ಅಲ್ವಾ ಮಾವ? ನೋಡ್ದೆ ಕಾಯೋದು ಹೆಂಗೆ?” ಅಂದೆ.

ಮಾವ ಉತ್ತರ ಕೊಡಲಿಲ್ಲ. ಹಿಂದೆ ಬಿದ್ದಿದ್ದ ಮರಿಯೊಂದನ್ನು ಎತ್ತಿ ಕಂಬಳಿಯೊಳಗೆ ಸೇರಿಸಿಕೊಂಡು ಮುಂದೆ ಹೋದ. ಅವನ ಪ್ರಶ್ನೆ ನನ್ನ ಜೊತೆ ಬೆಂಗಳೂರು ಬಸ್ಸು ಹತ್ತಿತು.

ನಾನು ಪಂಡಿತನಲ್ಲ. ಐಟಿಐ ಫಿಟ್ಟರ್. ಪೀಣ್ಯದ ಬೇರೆಬೇರೆ ಶೆಡ್ಡುಗಳಲ್ಲಿ ಮೂವತ್ತೊಂದು ವರ್ಷ ಕಬ್ಬಿಣ, ಹಿತ್ತಾಳೆ, ಅಲ್ಯೂಮಿನಿಯಂ ಕೊರೆದವನು. ಕೊನೆಯ ಆರು ವರ್ಷ ಮಾಡಿದ್ದು ಗಿಂಬಲ್‌ನ ಬಳೆ. ಗಿಂಬಲ್ ಎಂದರೆ ಡ್ರೋನಿನ ಹೊಟ್ಟೆಯಡಿ ಕ್ಯಾಮೆರಾವನ್ನು ಹಿಡಿದುಕೊಳ್ಳುವ ತೊಟ್ಟಿಲು. ಗಾಳಿ ಬೀಸಿ ಡ್ರೋನ್ ಎಡಕ್ಕೆ ವಾಲಿದರೆ ಗೈರೊ ಆ ವಾಲಾಟವನ್ನು ಅಳೆಯುತ್ತದೆ, ಹೆಬ್ಬೆರಳಿನಷ್ಟು ದಪ್ಪದ ಮೋಟಾರು ಕ್ಯಾಮೆರಾವನ್ನು ಅಷ್ಟೇ ಬಲಕ್ಕೆ ತಿರುಗಿಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಇದು ಎಷ್ಟೋ ಸಲ ನಡೆದುಹೋಗಿರುತ್ತದೆ. ಮೈ ಎಷ್ಟೇ ಹೊಯ್ದಾಡಿದರೂ ಕಣ್ಣು ಕದಲುವುದಿಲ್ಲ. ಬೇರಿಂಗ್ ಕೂರುವ ಜಾಗದಲ್ಲಿ ಇಪ್ಪತ್ತು ಮೈಕ್ರಾನ್, ಅಂದರೆ ಕೂದಲೆಳೆಯ ಕಾಲುಭಾಗದಷ್ಟು ತಪ್ಪಿದರೂ ಚಿತ್ರ ನಡುಗುತ್ತದೆ. ಆ ಜಾಬ್ ಸೀದಾ ಸ್ಕ್ರ್ಯಾಪ್ ಡಬ್ಬಿಗೆ. ನಮ್ಮ ಬಡಾವಣೆಯ ಗಣೇಶನ ಗುಡಿಯಲ್ಲಿ ಭಾನುವಾರ ಸಂಜೆ ನಿವೃತ್ತ ಸಂಸ್ಕೃತ ಮೇಷ್ಟ್ರೊಬ್ಬರು ಪಾಠ ಹೇಳುತ್ತಾರೆ. ಅವರು ಸ್ಥಿತಪ್ರಜ್ಞನ ಲಕ್ಷಣ ವಿವರಿಸುತ್ತಿದ್ದಾಗ ನನಗೆ ಕಣ್ಣಮುಂದೆ ಬಂದದ್ದು ಯಾವ ಋಷಿಯೂ ಅಲ್ಲ, ಈ ಗಿಂಬಲ್ಲೇ.

ಮೇಷ್ಟ್ರ ಪಾಠದಲ್ಲಿ ನನ್ನನ್ನು ಬಿಡದೆ ಹಿಡಿದದ್ದು ಮುಂಡಕೋಪನಿಷತ್ತಿನ ಎರಡು ಹಕ್ಕಿ. ಒಂದು ಹಣ್ಣು ತಿನ್ನುತ್ತದೆ, ಇನ್ನೊಂದು ತಿನ್ನದೆ ನೋಡುತ್ತದೆ. ನೋಡುವ ಹಕ್ಕಿಯೇ ಸಾಕ್ಷಿ. ಮೊದಲ ಸಲ ಕೇಳಿದಾಗ, ಓಹೋ, ಇದು ನಮ್ಮ ಕಸುಬಿನ ಹಕ್ಕಿ ಅಂದುಕೊಂಡೆ. ತಿನ್ನುವುದಿಲ್ಲ, ದಣಿಯುವುದಿಲ್ಲ, ಮೇಲೆ ಕೂತು ನೋಡುತ್ತದೆ. ಆದರೆ ಡ್ರೋನ್ ಸುಮ್ಮನೆ ನೋಡುವ ಹಕ್ಕಿಯಲ್ಲವಲ್ಲ. ಯಾರಿಗೋ ಹೇಳುವುದಕ್ಕೆಂದೇ ನೋಡುವಂಥದ್ದು. ಹಾಗಾದರೆ ಸಂಜಯ ಅನ್ನಿ ಎಂದು ಗೆಳೆಯರೊಬ್ಬರು ಅಂದರು. ಸಂಜಯನನ್ನು ಮೊದಲ ಡ್ರೋನ್ ಮಾಡಿ ಭಾಷಣ ಬಿಗಿಯುವವರ ಸಾಲು ಈಗಾಗಲೇ ಉದ್ದವಿದೆ, ನಾನು ಸೇರುವುದಿಲ್ಲ. ಅಷ್ಟಕ್ಕೂ ಧೃತರಾಷ್ಟ್ರನಿಗೆ ಸುದ್ದಿಯ ಕೊರತೆ ಯಾವತ್ತೂ ಇರಲಿಲ್ಲ.

ಕನ್ನಡದಲ್ಲಿ ‘ಕಾಯು’ ಎಂಬುದಕ್ಕೆ ಎಷ್ಟು ಮೈ! ಕುರಿ ಕಾಯುತ್ತೇವೆ, ಬಸ್ಸಿಗೆ ಕಾಯುತ್ತೇವೆ, ಹಂಡೆಯಲ್ಲಿ ನೀರು ಕಾಯುತ್ತದೆ, ದೇವರು ಕಾಯುತ್ತಾನೆ. ಕೋಳಿ ಮೊಟ್ಟೆಯ ಮೇಲೆ ಕೂತರೆ ಅದು ಕಾವು. ಇವೆಲ್ಲ ಒಂದೇ ಬೇರಿನವಲ್ಲ ಎಂದು ಭಾಷೆ ಓದಿದವರು ಹೇಳಬಹುದು. ನಮ್ಮೂರ ಬಾಯಲ್ಲಂತೂ ಒಂದೇ. ದನ ಮೇಯಲು ಬಿಟ್ಟ ಹುಲ್ಲುಗಾವಲೂ ಕಾವಲೇ, ರಾತ್ರಿ ಎಚ್ಚರವಿರುವುದೂ ಕಾವಲೇ. ಈಗ ಪತ್ರಿಕೆಯವರು ‘ಕಣ್ಗಾವಲು’ ಎಂಬ ಪದ ಬಳಸುತ್ತಾರೆ. ಒಳ್ಳೆಯ ಪದವೇ. ಆದರೆ ಅದರಲ್ಲಿ ಕಣ್ಣು ಮುಂದೆ ಬಂದಿದೆ, ಕಾವಲು ಹಿಂದೆ ಸರಿದಿದೆ. ಮಾವ ಕೇಳಿದ್ದೂ ಅದನ್ನೇ ಅಲ್ಲವೇ?

ಹಾಗೆಂದು ಕಾವಲು ಹಿಂದೆ ಬರೀ ಹುಲ್ಲು, ಕೃಷ್ಣಮೃಗ, ಕೊಳಲಿನ ನಾದವಾಗಿತ್ತು ಎಂದು ನಾನು ಹೇಳಲಾರೆ. ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ ಎಂದು ಶುರುಮಾಡಿದ ದನದ ಹಿಂಡುಗಳನ್ನು ಹೈದರಾಲಿ ದಂಡಿಗೆ ಹೂಡಿದ, ಟಿಪ್ಪು ಅದಕ್ಕೆ ಅಮೃತಮಹಲ್ ಎಂಬ ಹೆಸರಿಟ್ಟ. ಹೆಸರಿನಲ್ಲಿ ಅಮೃತವಿದ್ದರೂ ಆ ಎತ್ತುಗಳು ಎಳೆದದ್ದು ಫಿರಂಗಿ. ಆ ಕಾಲದ ಸ್ವದೇಶಿ ಯುದ್ಧತಂತ್ರಜ್ಞಾನ ಅಂದರೆ ಅದೇ. ಕುದುರೆ ಅರಬರ ಕಡೆಯಿಂದ ಬರಬೇಕಿತ್ತು, ಎತ್ತು ಮಾತ್ರ ನಮ್ಮ ಮಣ್ಣಿನದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಇಂಗ್ಲಿಷರು ಆ ದನಗಳನ್ನು ತಮ್ಮ ಸುಪರ್ದಿಗೆ ತೆಗೆದುಕೊಂಡದ್ದು ಹಾಲಿನ ಆಸೆಗಲ್ಲ. ಆ ದನಗಳು ಮೇಯುತ್ತಿದ್ದ, ಒಂದು ಕಾಲಕ್ಕೆ ನಾಲ್ಕು ಲಕ್ಷ ಎಕರೆಯಷ್ಟಿದ್ದ ಈ ಕಾವಲುಗಳು ಕರಗುತ್ತ ಬಂದವು. 2007ರಿಂದೀಚೆಗೆ ನಮ್ಮ ತಾಲ್ಲೂಕಿನ ಕಾವಲುಗಳಲ್ಲಿ ಡಿಆರ್‌ಡಿಒಗೆ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಭಾಭಾ ಅಣುಕೇಂದ್ರಕ್ಕೆ, ಇಸ್ರೊಗೆ ಎಂದು ಹಂಚಿಕೆಯಾಯಿತು. ಹಸಿರು ನ್ಯಾಯಮಂಡಳಿಯವರೆಗೆ ವ್ಯಾಜ್ಯ ಹೋಯಿತು. ಉಳ್ಳಾರ್ತಿ ಕಾವಲಿನಲ್ಲಿ ಇಸ್ರೊದವರು ಕೃತಕ ಕುಳಿಗಳನ್ನು ತೋಡಿ, ಚಂದ್ರಯಾನದ ಇಳಿಯುವ ನೌಕೆಯ ಸೆನ್ಸರುಗಳನ್ನು ಅವುಗಳ ಮೇಲೆ ಪರೀಕ್ಷೆ ಮಾಡಿದರು. ಮಾವನ ಭಾಷೆಯಲ್ಲಿ ಹೇಳುವುದಾದರೆ, “ನಮ್ಮ ಕಾವ್ಲು ಈಗ ಚಂದ್ರ ಆಗೈತೆ.”

ಡಿಆರ್‌ಡಿಒದವರು ಡ್ರೋನುಗಳನ್ನು ಹಾರಿಸಿ ನೋಡುವ ಪರೀಕ್ಷಾ ನೆಲೆ ಇಲ್ಲಿ ಉದ್ಘಾಟನೆಯಾದದ್ದು 2017ರ ಮೇ 28ರಂದು. ಅದಕ್ಕೂ ಮೊದಲೇ, 2016ರ ನವೆಂಬರಿನಲ್ಲಿ, ಅವರ ರುಸ್ತುಂ-2 ಡ್ರೋನ್ ಅಲ್ಲಿಂದ ಮೊದಲ ಸಲ ಹಾರಿತ್ತು. ಆಮೇಲೆ ಅದಕ್ಕೆ ಅಂಟಿದ ಹೆಸರು ತಪಸ್. ಇಂಗ್ಲಿಷಿನ ಉದ್ದ ಹೆಸರೊಂದರ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ್ದು, ಆದರೂ ಇಟ್ಟವರಿಗೆ ಅರ್ಥ ಗೊತ್ತಿರಲೇಬೇಕು. ತಪಸ್ಸೆಂದರೂ ಕಾಯುವುದೇ. ಕಾದು ಕೆಂಪಾಗುವುದು.

ನಮಗೆ ನಮ್ಮದೇ ಕಣ್ಣು ಬೇಕೇ ಎಂಬ ಬಗ್ಗೆ ನನಗೆ ಅನುಮಾನವಿಲ್ಲ. ಬೇಕು. 1999ರ ಮೇ ತಿಂಗಳಲ್ಲಿ ಕಾರ್ಗಿಲ್ ಬೆಟ್ಟಗಳಲ್ಲಿ ನುಸುಳಿದ್ದವರನ್ನು ಮೊದಲು ಕಂಡವನು ಕಳೆದುಹೋದ ಯಾಕ್ ಹುಡುಕಿಕೊಂಡು ಹೋದ ದನಗಾಹಿ, ತಾಶಿ ನಮ್‌ಗ್ಯಾಲ್. ಬೈನಾಕ್ಯುಲರ್ ಹಿಡಿದು ನೋಡಿದ, ಯಾರೋ ಬಂಕರ್ ತೋಡುತ್ತಿದ್ದರು, ಕೆಳಗಿಳಿದು ಸೈನ್ಯಕ್ಕೆ ಹೇಳಿದ. ಇಷ್ಟು ದೊಡ್ಡ ದೇಶದ ಕಣ್ಣು ಆ ಹೊತ್ತಿಗೆ ಒಬ್ಬ ದನ ಕಾಯುವವನ ಹುಬ್ಬಿನಡಿ ಇತ್ತು. ಆಮೇಲೆ ಇಸ್ರೇಲಿನ ಸರ್ಚರ್, ಹೆರಾನ್ ಡ್ರೋನುಗಳು ಬಂದವು. ಕೊಂಡ ಕಣ್ಣಿಗೆ ಬಿಡಿಭಾಗ ಬೇಕಾದಾಗ ಮಾರಿದವನ ಬಾಗಿಲಲ್ಲಿ ನಿಲ್ಲಬೇಕು. ಒಳಗಿನ ಸಾಫ್ಟ್‌ವೇರ್ ಏನು ಮಾಡುತ್ತಿದೆಯೆಂದು ಬಿಚ್ಚಿ ನೋಡುವ ಹಾಗಿಲ್ಲ. ಈ ಕಥೆಯನ್ನು ಮಾವನಿಗೆ ಹುರುಪಿನಿಂದ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದ: “ಯಾಕು ಸಿಕ್ತಾ?”

ಇನ್ನು ನಾನು ಹೇಳಬೇಕಾದದ್ದು ಹೇಳಿಬಿಡುತ್ತೇನೆ.

2022ರ ಫೆಬ್ರವರಿಯಲ್ಲಿ ಸರ್ಕಾರ ಹೊರದೇಶದ ಡ್ರೋನುಗಳ ಆಮದನ್ನು ನಿಲ್ಲಿಸಿತು. ಸಂಶೋಧನೆಗೆ, ರಕ್ಷಣೆಗೆ ವಿನಾಯಿತಿ. ಬಿಡಿಭಾಗಗಳಿಗೆ ತಡೆಯಿಲ್ಲ. ಇಡೀ ಗಾಡಿ ತರುವಂತಿಲ್ಲ. ಗಾಲಿ, ಮೂಕಿ, ನೊಗ ಬೇರೆಬೇರೆ ತಂದರೆ ಅಡ್ಡಿಯಿಲ್ಲ. ಪೀಣ್ಯಕ್ಕೆ ಕೆಲಸ ಬಂತು, ನಿಜಕ್ಕೂ ಬಂತು. ಮೂರು ಆಕ್ಸಿಸ್ ಮಿಷನ್ ಇದ್ದ ಶೆಡ್ಡುಗಳು ಸಾಲ ಮಾಡಿ ಐದು ಆಕ್ಸಿಸ್ ತಂದವು. ನಮ್ಮ ಹುಡುಗರು ಬಳೆ, ಬ್ರಾಕೆಟ್, ಲ್ಯಾಂಡಿಂಗ್ ಗೇರ್ ಮಾಡಿದರು, ಚೆನ್ನಾಗಿಯೇ ಮಾಡಿದರು. ಆದರೆ ಮೋಟಾರಿನೊಳಗಿನ ನಿಯೋಡೈಮಿಯಂ ಆಯಸ್ಕಾಂತ ಚೀನಾದ್ದು. ಬ್ಯಾಟರಿಯ ಸೆಲ್ಲೂ ಹೊರಗಿನದು. ರಾತ್ರಿ ಕಾಣುವ ಥರ್ಮಲ್ ಕ್ಯಾಮೆರಾದ ಎದೆಗುಂಡಿಗೆಯೂ ಹೊರಗಿನದು.

ಆ ಥರ್ಮಲ್ ಕ್ಯಾಮೆರಾವನ್ನು ಒಂದು ರಾತ್ರಿ ಶೆಡ್ಡಿನ ತಾರಸಿಯ ಮೇಲೆ ಪರೀಕ್ಷೆಗೆ ಇಟ್ಟಿದ್ದರು. ಅದಕ್ಕೆ ಬೆಳಕು ಬೇಡ, ಕಾವು ಸಾಕು. ಪರದೆಯ ಮೇಲೆ ರಸ್ತೆಯೆಲ್ಲ ಕಪ್ಪು. ಆಗತಾನೇ ನಿಂತ ಟೆಂಪೊದ ಬಾನೆಟ್ ಬೆಳ್ಳಗೆ, ಚರಂಡಿಯ ಪಕ್ಕ ಮಲಗಿದ ನಾಯಿ ಬೆಳ್ಳಗೆ, ಫ್ಲಾಸ್ಕ್ ಹಿಡಿದು ಬರುತ್ತಿದ್ದ ನಮ್ಮ ಟೀ ಹುಡುಗನೂ ಬೆಳ್ಳಗೆ ಒಂದು ಕಲೆ. ಅವನು ನಗುತ್ತಿದ್ದನೋ ಹಾಡುತ್ತಿದ್ದನೋ ಗೊತ್ತಾಗುವುದಿಲ್ಲ. ಕಂಪ್ಯೂಟರಿನ ಮುಂದಿದ್ದ ಇಂಜಿನಿಯರ್ ಹುಡುಗ ಆ ಕಲೆಯ ಸುತ್ತ ಚೌಕ ಹಾಕಿ, “ಟಾರ್ಗೆಟ್ ಲಾಕ್” ಅಂದ. ಕೆಟ್ಟ ಹುಡುಗನಲ್ಲ, ಆ ಬಟನ್ನಿಗೆ ಅದೇ ಹೆಸರು. ಕೋಳಿ ಕಾವು ಕೊಡುವುದಕ್ಕೂ ಯಂತ್ರ ಕಾವು ಹುಡುಕುವುದಕ್ಕೂ ಇರುವ ದೂರ ಎಷ್ಟೆಂದು ಆವತ್ತು ಕಂಡೆ.

2023ರ ಆಗಸ್ಟ್ 18, ಶುಕ್ರವಾರ. ಸ್ವಾತಂತ್ರ್ಯೋತ್ಸವದ ಕಾಗದದ ಬಾವುಟಗಳು ಶೆಡ್ಡಿನಲ್ಲಿ ಇನ್ನೂ ತೂಗುತ್ತಿದ್ದವು. ಸಂಜೆ ಶಿಫ್ಟ್ ಮುಗಿದಮೇಲೆ ಮಾಲೀಕರು ನನ್ನೊಬ್ಬನನ್ನು ಉಳಿಸಿಕೊಂಡರು. ಎರಡು ರಟ್ಟಿನ ಪೆಟ್ಟಿಗೆ, ಒಟ್ಟು ಅರವತ್ತು ಮೋಟಾರು. ಪ್ರತಿಯೊಂದರ ಟೋಪಿಯ ಮೇಲೂ ಲೇಸರಿನಲ್ಲಿ ಕೆತ್ತಿದ ಚೀನೀ ಅಕ್ಷರ. “ಬಫ್ ಹೊಡೆದು ಕಪ್ಪು ಬಣ್ಣ ಕೊಟ್ಟುಬಿಡಿ. ಸೋಮವಾರ ಪಾರ್ಟಿ ಬರ್ತಾರೆ, ಸ್ಟಿಕ್ಕರ್ ಅವರೇ ತರ್ತಾರೆ” ಎಂದರು. ಎಂಥ ಸ್ಟಿಕ್ಕರೆಂದು ನಾನು ಕೇಳಲಿಲ್ಲ. ಆಮೇಲೆ ಸ್ಟೂಲು ಹತ್ತಿ, ಗೋಡೆಯ ಮೇಲಿನ ಸಿಸಿಟಿವಿಗೆ ಬನಿಯನ್ ವೇಸ್ಟ್ ಬಟ್ಟೆಯೊಂದನ್ನು ಹೊದಿಸಿದರು. ಅದೂ ಚೀನಾದ ಕ್ಯಾಮೆರಾನೇ.

ಬಫಿಂಗ್ ಚಕ್ರಕ್ಕೆ ಮೋಟಾರು ಒತ್ತಿ ಹಿಡಿದರೆ ಅಕ್ಷರ ಒಂದೇ ಸಲಕ್ಕೆ ಹೋಗುವುದಿಲ್ಲ. ಮೊದಲು ಅಂಚು ಮಸುಕಾಗುತ್ತದೆ, ಆಮೇಲೆ ಗೀರು ಗೀರಾಗಿ ಉಳಿಯುತ್ತದೆ, ಕೊನೆಗೆ ಬೆರಳಾಡಿಸಿದರೆ ಮಾತ್ರ ತಿಳಿಯುವ ತಗ್ಗು. ಅರವತ್ತಕ್ಕೂ ಹಾಗೆ ಮಾಡಿದೆ. ರಾತ್ರಿ ಒಂಬತ್ತೂವರೆ ಆಯಿತು. ಓವರ್‌ಟೈಮ್ ದುಡ್ಡನ್ನು ಕೈಯಲ್ಲೇ ಕೊಟ್ಟರು, ತೆಗೆದುಕೊಂಡೆ.

ನಾವು ಕುರುಬರು. ಕನಕದಾಸರ ಬಾಳೆಹಣ್ಣಿನ ಕಥೆಯನ್ನು ಶಾಲೆಗಿಂತ ಮೊದಲು ಅವ್ವನ ಬಾಯಲ್ಲಿ ಕೇಳಿದವನು ನಾನು. ಯಾರೂ ಕಾಣದ ಜಾಗದಲ್ಲಿ ತಿಂದು ಬನ್ನಿ ಎಂದು ಗುರುಗಳು ಕೊಟ್ಟರೆ, ಎಲ್ಲರೂ ತಿಂದು ಬರುತ್ತಾರೆ, ಕನಕ ಹಣ್ಣು ಹಿಡಿದುಕೊಂಡು ವಾಪಸ್ ಬರುತ್ತಾನೆ. ಅಂಥ ಜಾಗ ಸಿಗಲಿಲ್ಲವಂತೆ. ನನಗೆ ಸಿಕ್ಕಿತ್ತು. ಬನಿಯನ್ ಬಟ್ಟೆಯ ಅಡಿಯಲ್ಲಿ.

ಭಾನುವಾರ ಗುಡಿಗೆ ಪಾಠಕ್ಕೆ ಹೊರಟಾಗ ಊರಿನ ವಾಟ್ಸಾಪ್ ಗುಂಪಿನಲ್ಲಿ ವಿಡಿಯೊ ಬಂದಿತ್ತು. ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ತಪಸ್ ಬಿದ್ದಿತ್ತು. ರೆಕ್ಕೆ ಮುರಿದು, ಹೊಟ್ಟೆಯ ಸಾಮಾನೆಲ್ಲ ಮಣ್ಣಿನ ಮೇಲೆ ಚೆಲ್ಲಿತ್ತು. ಯಾರಿಗೂ ಏಟಾಗಿರಲಿಲ್ಲ. ಜನ ಸುತ್ತ ನಿಂತು ಮೊಬೈಲ್ ಹಿಡಿದಿದ್ದರು. ಸಾವಿರಾರು ಅಡಿ ಮೇಲಿಂದ ಊರನ್ನು ನೋಡುತ್ತಿದ್ದ ಕಣ್ಣು ನೆಲದ ಮೇಲೆ ಅಂಗಾತ ಬಿದ್ದಿತ್ತು, ಊರು ಅದನ್ನು ನೋಡುತ್ತಿತ್ತು. ಗುಂಪಿನಲ್ಲಿ ನಗೆಯ ಚಿತ್ರಗಳ ಸುರಿಮಳೆ. 2019ರ ಸೆಪ್ಟೆಂಬರಿನಲ್ಲೂ ಒಂದು ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿದ್ದಿತ್ತು, ಆಗಲೂ ಹೀಗೇ ನಕ್ಕಿದ್ದರು. ನನಗೆ ಮಾತ್ರ ಆ ಭಾನುವಾರ ನಗು ಬರಲಿಲ್ಲ. ಆ ಬಿದ್ದದ್ದರಲ್ಲಿ ಯಾರೂ ಏನನ್ನೂ ತಿಕ್ಕಿ ಅಳಿಸಿರಲಿಲ್ಲ. ಎಲ್ಲಿ ಸೋತೆವೆಂಬುದು ಹೊಲದ ತುಂಬ ಹರಡಿತ್ತು.

ಮೂವತ್ತು ಸಾವಿರ ಅಡಿ ಎತ್ತರದಲ್ಲಿ ಇಪ್ಪತ್ನಾಲ್ಕು ಗಂಟೆ ಹಾರಬೇಕೆಂಬುದು ತಪಸ್‌ಗೆ ಇಟ್ಟ ಗುರಿ. ಇಪ್ಪತ್ತೆಂಟು ಸಾವಿರ ಅಡಿ, ಹದಿನೆಂಟು ಗಂಟೆಯವರೆಗೆ ಮುಟ್ಟಿತು. ಪುರಾಣದಲ್ಲಾದರೆ ಇಷ್ಟು ತಪಸ್ಸಿಗೆ ದೇವರು ಪ್ರತ್ಯಕ್ಷನಾಗುವುದಿಲ್ಲ. ಗಂಗೆಯನ್ನು ತರಲು ಅಂಶುಮಂತ ಕೂತ, ಆಗಲಿಲ್ಲ. ದಿಲೀಪ ಕೂತ, ಆಗಲಿಲ್ಲ. ಮೂರನೆಯ ತಲೆಮಾರಿಗೆ ಭಗೀರಥ. ರುಸ್ತುಂ-1 ಕೂಡ 2009ರಲ್ಲಿ ಮೊದಲ ಹಾರಾಟಕ್ಕೇ ಹೊಸೂರಿನ ಹತ್ತಿರ ನೆಲಕ್ಕೆ ಬಡಿದು ಮುಂದಿನ ವರ್ಷ ಹಾರಿತ್ತು. ನಮ್ಮ ಕಸುಬಿನವರಿಗೆ ಇದನ್ನು ವಿವರಿಸಬೇಕಿಲ್ಲ. ಸ್ಕ್ರ್ಯಾಪ್ ಡಬ್ಬಿ ಖಾಲಿ ಇರುವ ಶೆಡ್ಡು ಹೊಸದೇನನ್ನೂ ಮಾಡುತ್ತಿಲ್ಲವೆಂದೇ ಅರ್ಥ.

ಅದಾದ ಮೂರನೆಯ ದಿನ, ಬುಧವಾರ ಸಂಜೆ, ನಮ್ಮ ಪೀಣ್ಯದಲ್ಲೇ ಇರುವ ಇಸ್ರೊದ ಇಸ್ಟ್ರಾಕ್ ಕೇಂದ್ರದಲ್ಲಿ ಚಪ್ಪಾಳೆ. ಚಂದ್ರಯಾನ-3 ಇಳಿದಿತ್ತು. ರಸ್ತೆಯಲ್ಲಿ ಪಟಾಕಿ, ಮಾಲೀಕರಿಂದ ಎಲ್ಲರಿಗೂ ಮೈಸೂರುಪಾಕು. ನನ್ನ ಬೆರಳ ಸಂದಿಯಲ್ಲಿ ಬಫಿಂಗ್ ಸೋಪಿನ ಕಪ್ಪು ಇನ್ನೂ ಹೋಗಿರಲಿಲ್ಲ. ಆ ಕೈಯಲ್ಲೇ ತಿಂದೆ.

ಸ್ವಾವಲಂಬನೆ ಎಂಬ ಪದದಲ್ಲಿ ಎಲ್ಲರೂ ‘ಅವಲಂಬನೆ’ಯ ಬಗ್ಗೆಯೇ ಮಾತಾಡುತ್ತಾರೆ: ಯಾವ ದೇಶದ ಮೇಲೆ ಎಷ್ಟು, ಶೇಕಡಾ ಎಷ್ಟು. ಮೊದಲಕ್ಷರವಾದ ಆ ‘ಸ್ವ’ ಯಾರು? ಮೇಷ್ಟ್ರ ಪಾಠವೆಲ್ಲ ಸುತ್ತಿ ಸುತ್ತಿ ಬರುವುದು ಅಲ್ಲಿಗೇ. ಕೊಂಡ ಕಣ್ಣಾಗಿದ್ದಾಗ ನಮಗೊಂದು ಸೌಕರ್ಯವಿತ್ತು. ಕೆಟ್ಟರೆ ಮಾರಿದವನನ್ನು ಬೈಯಬಹುದಿತ್ತು. ನಮ್ಮ ಕೈಯಾರೆ ಮಾಡಿದಮೇಲೆ ಅದು ಕಂಡದ್ದೂ ನಮ್ಮದು, ಕಾಣದೆ ಬಿಟ್ಟದ್ದೂ ನಮ್ಮದು, ಟೀ ಹುಡುಗನ ಸುತ್ತ ಬಿದ್ದ ಚೌಕವೂ ನಮ್ಮದು. ಇಷ್ಟು ಭಾರ ಹೊರಲು ಮನಸ್ಸಿಲ್ಲದವರೇ ಸ್ಟಿಕ್ಕರ್ ಅಂಟಿಸುತ್ತಾರೆ. 2025ರ ಫೆಬ್ರವರಿಯಲ್ಲಿ, ಚೀನಾದ ಬಿಡಿಭಾಗಗಳ ಕಾರಣಕ್ಕೆ ಸೇನೆ 400 ಡ್ರೋನುಗಳ ಒಪ್ಪಂದ ರದ್ದುಮಾಡಿದ ಸುದ್ದಿ ಓದಿದಾಗ ನನ್ನ ಹೆಬ್ಬೆರಳು ತಾನಾಗೇ ತೋರುಬೆರಳನ್ನು ತಿಕ್ಕಿತು. ನಾನು ತಿಕ್ಕಿದವು ಅವೇ ಅಲ್ಲ, ಬೇರೆ ಯಾರಿಗೋ ಹೋದವು. ಅದರಿಂದೇನೂ ಸಮಾಧಾನವಾಗಲಿಲ್ಲ. ಅಷ್ಟು ಹೊತ್ತಿಗೆ ಕೆಲಸ ಬಿಟ್ಟಾಗಿತ್ತು.

ಮೇಷ್ಟ್ರನ್ನು ಒಮ್ಮೆ ಕೇಳಿದೆ: “ಸಾರ್, ಆ ನೋಡುವ ಹಕ್ಕಿ ಸುಮ್ಮನೆ ನೋಡಿದರೆ ತಿನ್ನುವ ಹಕ್ಕಿಗೇನು ಲಾಭ?” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಎರಡೂ ಗೆಳೆಯರು ಅಂತ ಹೇಳಿದೆನಲ್ಲಪ್ಪ, ಮರೆತೆಯಾ? ಮರ ಒಂದೇ” ಎಂದರು. ನಾನು ಅದನ್ನೇ ಬಿಟ್ಟಿದ್ದೆ. ಹಕ್ಕಿಗಳನ್ನು ಹಿಡಿದುಕೊಂಡು ಮರವನ್ನು ಬಿಟ್ಟಿದ್ದೆ.

ಕಳೆದ ಚಳಿಗಾಲ ಊರಿಗೆ ಹೋದಾಗ ಮಾವನ ಕುರಿಯೊಂದು ಕಾಣೆಯಾಯಿತು. ಹೊತ್ತು ಮುಳುಗುವಾಗ ಮಾವ ಹಟ್ಟಿಯ ಬಾಗಿಲಲ್ಲಿ ಕೂತು, ಒಳಹೋಗುವ ಒಂದೊಂದರ ಬೆನ್ನು ಮುಟ್ಟಿ ಎಣಿಸುತ್ತಾನೆ. ಒಂದು ಕಮ್ಮಿ. ಯಾವುದೆಂದು ಎಣಿಸಿ ಮುಗಿಸುವ ಮೊದಲೇ ಗೊತ್ತಾಗಿತ್ತು: “ಕಿವಿ ಸೀಳಿದ್ದು.” ಮೊಮ್ಮಗ ಶೇಂಗಾ ಹೊಲಕ್ಕೆ ಔಷಧಿ ಹೊಡೆಯುವ ಡ್ರೋನಿನ ತರಬೇತಿ ಪಡೆದವನು, ಅವನ ಹತ್ತಿರ ಚಿಕ್ಕದೊಂದು ಕ್ಯಾಮೆರಾ ಡ್ರೋನೂ ಇದೆ. “ತಾತ, ಎರಡು ನಿಮಿಷ, ಮೇಲಿಂದ ನೋಡಿ ಹೇಳ್ತೀನಿ” ಎಂದು ಚೀಲ ಬಿಚ್ಚಿದ. ಮೊಬೈಲಿನಲ್ಲಿ ನಕಾಶೆ ತೆರೆದರೆ ನಾವು ನಿಂತಲ್ಲೆಲ್ಲ ಕೆಂಪು. ಅನುಮತಿಯಿಲ್ಲದೆ ಹಾರಿಸುವಂತಿಲ್ಲ.

“ಅಂದ್ರೆ, ಅವರು ನಮ್ಮನ್ನ ನೋಡಬೋದು, ನಾವು ನಮ್ಮ ಕುರೀನ ನೋಡಂಗಿಲ್ಲ” ಅಂದ ಮಾವ. ಸಿಟ್ಟೇನಿರಲಿಲ್ಲ, ಲೆಕ್ಕ ಒಪ್ಪಿಸುವವನ ದನಿ. ಹುಡುಗ ಡ್ರೋನನ್ನು ಚೀಲಕ್ಕೆ ತುಂಬಿದ. ಮೂವರೂ ಬ್ಯಾಟರಿ ಹಿಡಿದು ಗೋಡೆಯ ಗುಂಟ ನಡೆದೆವು. ಹತ್ತು ಹೆಜ್ಜೆಗೊಮ್ಮೆ ಮಾವ ನಿಂತು ನಾಲಿಗೆಯಿಂದ ಅದೊಂದು ಸದ್ದು ಮಾಡುತ್ತಾನೆ, ನನಗೆ ಇವತ್ತಿಗೂ ಬರುವುದಿಲ್ಲ. ಅರ್ಧ ತಾಸು ನಡೆದಮೇಲೆ ಗೋಡೆಯ ಆ ಕಡೆಯಿಂದ ಕುರಿ ಓಗೊಟ್ಟಿತು. ಮಳೆಗೆ ಮಣ್ಣು ಕೊಚ್ಚಿಹೋದಲ್ಲಿ ನುಸುಳಿರಬೇಕು.

ಸ್ವಲ್ಪ ಹೊತ್ತಿಗೆ ಒಳಗಿನಿಂದಲೂ ಒಂದು ಬ್ಯಾಟರಿ ಬೆಳಕು ಬಂತು. “ಯಾರದು?”

“ನಾನೇ ಕಣಪ್ಪ, ಕುರಿಯೋನು.”

“ಕಿವಿ ಸೀಳಿರೋದಾ?”

“ಅದೇ.”

“ಇಲ್ಲೇ ಐತೆ ಬಿಡಜ್ಜ. ಈಗ ಗೇಟು ತೆಗೆಯಂಗಿಲ್ಲ. ಬೆಳಿಗ್ಗೆ ಬಾ, ಸಾಹೇಬರಿಗೆ ಹೇಳಿ ಬಿಡಿಸ್ತೀನಿ.” ಮಾತಿನ ಧಾಟಿ ನಮ್ಮ ಸೀಮೆಯದೇ.

ಮಾವ ವಾಪಸ್ ಹೋಗಲಿಲ್ಲ. ಕಂಬಳಿ ಹಾಸಿ ಗೋಡೆಗೆ ಒರಗಿ ಕೂತ, ನಾವೂ ಕೂತೆವು. ಒಳಗೆ ಕುರಿ ಆಗಾಗ ಕೂಗುತ್ತಿತ್ತು, ಮಾವ ಇಲ್ಲಿಂದ ಉತ್ತರ ಕೊಡುತ್ತಿದ್ದ. ಕಾವಲಿನವನೂ ಅಲ್ಲೇ ಎಲ್ಲೋ ಕೂತಂತೆ ಬೂಟಿನ ಸದ್ದು ನಿಂತಿತು. ಚಳಿ ಏರಿತು. ನಡುರಾತ್ರಿ ದಾಟಿದಮೇಲೆ ಗೋಡೆಯಾಚೆಯಿಂದ ದನಿ ಬಂತು: “ಅಜ್ಜಾ, ಬೆಂಕಿಪೊಟ್ಟಣ ಐತೇನು?”

ಮಾವ ಜೇಬು ತಡಕಿ, ಎದ್ದುನಿಂತು, ಪೊಟ್ಟಣವನ್ನು ಗೋಡೆಯ ಮೇಲಿಂದ ಎಸೆದ.